ಒಂದೇ ಮನೆ, ಒಂದೇ ಅಡುಗೆ: ಹೆಣ್ಣುಮಕ್ಕಳಿಗೇ ಏಕೆ ರಕ್ತಹೀನತೆ?

ಆರೋಗ್ಯದ ಅಸಮಾನತೆ ಎಂದರೆ ಬಡವ-ಶ್ರೀಮಂತ, ಹಳ್ಳಿ-ಪಟ್ಟಣಗಳ ನಡುವಿನ ಅಂತರ ಮಾತ್ರವಲ್ಲ. ಅದು ಒಂದೇ ಮನೆಯೊಳಗೂ ಇರುತ್ತದೆ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಮಹಿಳೆಯರಲ್ಲಿ ಶೇ. 47.8ರಷ್ಟು ಮಂದಿಗೆ ರಕ್ತಹೀನತೆ ಇದೆ. ಅದೇ ವಯಸ್ಸಿನ ಪುರುಷರಲ್ಲಿ ಈ ಪ್ರಮಾಣ ಶೇ. 19.6 ಮಾತ್ರ. 2015-16ರಲ್ಲಿ ಮಹಿಳೆಯರ ಪ್ರಮಾಣ ಶೇ. 44.8 ಇತ್ತು. ಅಂದರೆ ಸಮಸ್ಯೆ ಇಳಿದಿಲ್ಲ, ಏರಿದೆ.

ಮುಟ್ಟು ಮತ್ತು ಹೆರಿಗೆಯಲ್ಲಿ ರಕ್ತ ಹೋಗುವುದರಿಂದ ಮಹಿಳೆಯರಿಗೆ ಕಬ್ಬಿಣಾಂಶ ಹೆಚ್ಚು ಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಪ್ರಕಾರ ದಿನಕ್ಕೆ ಪುರುಷರಿಗೆ 19 ಮಿ.ಗ್ರಾಂ. ಬೇಕಾದರೆ ಮಹಿಳೆಯರಿಗೆ 29 ಮಿ.ಗ್ರಾಂ. ಬೇಕು. ಆದರೆ ಎಷ್ಟೋ ಮನೆಗಳಲ್ಲಿ ಹೆಚ್ಚು ಬೇಕಾದವರೇ ಎಲ್ಲರಿಗೂ ಬಡಿಸಿ, ಉಳಿದದ್ದನ್ನು ಕೊನೆಗೆ ಉಣ್ಣುತ್ತಾರೆ. ಸುಸ್ತು, ಏದುಸಿರು ಬಂದರೂ ಕೆಲಸದ ಆಯಾಸವೆಂದು ಸುಮ್ಮನಾಗುತ್ತಾರೆ.

ಸಸ್ಯಾಹಾರಿಗಳು ಇನ್ನಷ್ಟು ಗಮನ ಕೊಡಬೇಕು. ಕಾಳು-ಬೇಳೆಗಳಲ್ಲಿನ ಕಬ್ಬಿಣಾಂಶ ದೇಹಕ್ಕೆ ಸುಲಭವಾಗಿ ಹತ್ತುವುದಿಲ್ಲ. ಹುರುಳಿ, ಕಡಲೆಯ ಜೊತೆ ನಿಂಬೆರಸ ಅಥವಾ ನೆಲ್ಲಿಕಾಯಿ ಸೇರಿಸಿದರೆ ಚೆನ್ನಾಗಿ ಹತ್ತುತ್ತದೆ. ಊಟದ ಜೊತೆಗೇ ಚಹಾ, ಕಾಫಿ ಕುಡಿದರೆ ಅದಕ್ಕೆ ಅಡ್ಡಿಯಾಗುತ್ತದೆ. ಬಿ12 ಜೀವಸತ್ವದ ಕೊರತೆಯಿಂದಲೂ ರಕ್ತಹೀನತೆ ಬರುತ್ತದೆ. ಸಸ್ಯಾಹಾರಿಗಳಿಗೆ ಅದು ಮುಖ್ಯವಾಗಿ ಸಿಗುವುದು ಹಾಲು, ಮೊಸರಿನಿಂದ. ಆದ್ದರಿಂದ ಹಾಲು-ಮೊಸರಿನಲ್ಲಿ ಸೊಸೆ, ಮಗಳಿಗೂ ಸಮಪಾಲು ಇರಲಿ.

ಹಿಮೋಗ್ಲೋಬಿನ್ ಪರೀಕ್ಷೆ ಸರಳವಾದದ್ದು. ಮಹಿಳೆಯರಲ್ಲಿ 12, ಗರ್ಭಿಣಿಯರಲ್ಲಿ 11 ಗ್ರಾಂಗಿಂತ ಕಡಿಮೆ ಇದ್ದರೆ ವೈದ್ಯರನ್ನು ಕಾಣಬೇಕು. ಮನೆಯ ಹಿರಿಯರೇ ಮುಂದೆ ನಿಂತು ಈ ಪರೀಕ್ಷೆ ಮಾಡಿಸಲಿ. ಮನೆಮಂದಿ ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ರೂಢಿಯೂ ಬರಲಿ.