‘ನನಗ್ಯಾಕ ಬರ್ತದ, ಫಾದರ್?’

ಮಕ್ತಲ್ ಕಡೆಯ ಒಂದು ಹಳ್ಳಿಗೆ ನಾವು ಕುಟುಂಬ ಭೇಟಿಗೆಂದು ಹೋಗಿದ್ದೆವು. ಒಂದು ಮನೆಯ ಯಜಮಾನರು, 52 ವರ್ಷದವರು, ಎದೆಯ ಮೇಲೆ ಕೈಯಿಟ್ಟುಕೊಂಡು ಮಂಚದಲ್ಲಿ ಕುಳಿತಿದ್ದರು. ಹಣೆಯಲ್ಲಿ ಬೆವರಿತ್ತು. ಏನಾಯಿತೆಂದು ಕೇಳಿದಾಗ, "ಏನಿಲ್ರಿ ಫಾದರ್, ಗ್ಯಾಸ್ ಆಗ್ಯಾದ. ನಿನ್ನಿ ಮಿರ್ಚಿ ತಿಂದಿದ್ದೆ. ಸೋಡಾ ತರಾಕ ಹುಡುಗನ್ನ ಕಳಿಸೀನಿ" ಎಂದರು. ನಾವೂ ತಲೆಯಾಡಿಸಿದೆವು. ಸ್ವಲ್ಪ ಮಲಗಿಕೊಳ್ಳಿ ಎಂದು ಹೇಳಿ, ಪ್ರಾರ್ಥಿಸಿ, ಮುಂದಿನ ಮನೆಗೆ ನಡೆದೆವು. ರಾತ್ರಿ ಹತ್ತಕ್ಕೆ ಫೋನು ಬಂತು. ರಾಯಚೂರಿಗೆ ಕರೆದೊಯ್ಯುವಾಗ, ಕೃಷ್ಣಾ ನದಿಯ ಸೇತುವೆ ಸಿಗುವ ಮೊದಲೇ ಅವರು ತೀರಿಕೊಂಡಿದ್ದರು.

ಸಮಾಧಿಯ ಬಳಿ ಎಲ್ಲರೂ "ದೇವರ ಚಿತ್ತ" ಎಂದರು. ಆ ಮಾತನ್ನು ಬೇರೆಯವರ ಮನೆಯಲ್ಲಿ ನಾವೂ ಎಷ್ಟೋ ಸಲ ಹೇಳಿದ್ದೇವೆ. ಅಂದು ನಾಲಿಗೆ ಏಳಲಿಲ್ಲ. ಅವರಿಗೆ ಎಂಟು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು, ದಿನಕ್ಕೊಂದು ಕಟ್ಟು ಬೀಡಿ ಬೇಕಿತ್ತು, ಅವರ ತಂದೆಯೂ ಎದೆನೋವಿನಿಂದಲೇ ಹೋದವರು. ಇದು ಊರಿಗೆಲ್ಲ ಗೊತ್ತಿತ್ತು, ಅವರಿಗೂ ಗೊತ್ತಿತ್ತು. ತಿಂಗಳ ಹಿಂದೆ ಬೀಡಿಯ ಮಾತು ತೆಗೆದಾಗ ಅವರು ನಕ್ಕು ಹೇಳಿದ್ದು ಇನ್ನೂ ಕಿವಿಯಲ್ಲಿದೆ: "ನನಗ್ಯಾಕ ಬರ್ತದ, ಫಾದರ್? ದಿನಾ ಹೊಲದಾಗ ದುಡಿತೀನಿ. ಮೈಯಾಗ ಬೊಜ್ಜಂಬೋದು ಇಲ್ಲ."

ಈ ಮಾತು ಅವರೊಬ್ಬರದಲ್ಲ. ನಾರಾಯಣಪೇಟೆಯಲ್ಲಿ ಮಗ್ಗದ ಮುಂದೆ ಬೆಳಗಿನಿಂದ ಸಂಜೆಯವರೆಗೆ ಕುಳಿತು ಸೀರೆ ನೇಯುವವರು, "ಕೈಕಾಲು ಸುಮ್ಮನೆ ಇರಂಗಿಲ್ಲ, ನಮಗೇನಾಗ್ತದ" ಎನ್ನುತ್ತಾರೆ. ಗದ್ವಾಲದಲ್ಲಿ ಒಬ್ಬ ತಾಯಿ, ಬಿ.ಪಿ. ಇದ್ದವರು, "ಅದು ಗಂಡಸರ ರೋಗ, ಫಾದರ್" ಎಂದರು. ಮಾಂಸ ಮುಟ್ಟದವರು ಮಾಂಸ ತಿನ್ನುವವರನ್ನು ತೋರಿಸುತ್ತಾರೆ, ಕುಡಿಯದವರು ಕುಡಿಯುವವರನ್ನು. ಹಳ್ಳಿಯವರ ಪ್ರಕಾರ ಅದು ಪಟ್ಟಣದ ಟೆನ್ಷನ್ ರೋಗ. ಪಟ್ಟಣದವರನ್ನು ಕೇಳಿದರೆ ಅದು ತಮಗಿಂತ ದಪ್ಪಗಿರುವ ಪಕ್ಕದ ಮನೆಯವರದು! ಪ್ರತಿಯೊಬ್ಬರೂ ತಮ್ಮಲ್ಲಿಲ್ಲದ ಒಂದು ಕಾರಣವನ್ನು ಆರಿಸಿಕೊಂಡು, ಇರುವ ಮೂರನ್ನು ಬದಿಗಿಡುತ್ತಾರೆ.

1980ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ನೀಲ್ ವೈನ್‌ಸ್ಟೈನ್ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪಟ್ಟಿ ಕೊಟ್ಟು, ಇವು ನಿಮಗೆ ಸಂಭವಿಸುವುದು ನಿಮ್ಮ ಸಹಪಾಠಿಗಳಿಗಿಂತ ಹೆಚ್ಚೋ ಕಡಿಮೆಯೋ ಎಂದು ಕೇಳಿದರು. 40 ವರ್ಷದೊಳಗೆ ಹೃದಯಾಘಾತವಾಗುವುದೂ ಅದರಲ್ಲಿತ್ತು. ಒಳ್ಳೆಯದು ತಮಗೆ ಹೆಚ್ಚು, ಕೆಟ್ಟದ್ದು ಇತರರಿಗೆ ಹೆಚ್ಚು ಎಂಬುದೇ ಒಟ್ಟಾರೆ ಉತ್ತರವಾಗಿತ್ತು. ಓದಿದವರೂ ನಮ್ಮ ಮಕ್ತಲ್‌ನ ರೈತರೂ ಈ ವಿಷಯದಲ್ಲಿ ಒಂದೇ.

ಇದರ ಇನ್ನೊಂದು ಮುಖವನ್ನು 2025ರಲ್ಲಿ ಹಾಸನ ತೋರಿಸಿತು. ಸುಮಾರು 40 ದಿನಗಳಲ್ಲಿ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ಸತ್ತರೆಂದು ಟಿ.ವಿ.ಯಲ್ಲಿ ದಿನವಿಡೀ ಸುದ್ದಿ ಬಂತು. ಮೈಸೂರು, ಬೆಂಗಳೂರಿನ ಜಯದೇವ ಆಸ್ಪತ್ರೆಗಳ ಮುಂದೆ ಬೆಳಗಿನಿಂದಲೇ ಜನಜಂಗುಳಿ. ಜಯದೇವ ಸಂಸ್ಥೆಯ ಆಗಿನ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ನೇತೃತ್ವದ ಸಮಿತಿ ಪರಿಶೀಲಿಸಿ, ಜುಲೈಯಲ್ಲಿ ವರದಿ ಕೊಟ್ಟಿತು: ಸಾವುಗಳಲ್ಲಿ ಅಸಹಜ ಏರಿಕೆ ಇಲ್ಲ, ಪಟ್ಟಿಯಲ್ಲಿದ್ದ ಕೆಲವು ಸಾವುಗಳು ಹೃದಯಕ್ಕೆ ಸಂಬಂಧಿಸಿದವೇ ಅಲ್ಲ. ಆ ದಿನಗಳಲ್ಲಿ ನಮ್ಮ ಕಡೆಯ 23 ವರ್ಷದ ಯುವಕನೊಬ್ಬ, ಯಾವ ಕಾಯಿಲೆಯೂ ಇಲ್ಲದವನು, ಹೆದರಿ ಎರಡು ಸಲ ಇ.ಸಿ.ಜಿ. ಮಾಡಿಸಿಕೊಂಡ. ಅವನ ತಂದೆಗೆ ಬಿ.ಪಿ.ಯೂ ಇದೆ, ಸಕ್ಕರೆಯೂ ಇದೆ. ಅವರು ಮಗನ ಜೊತೆ ಆಸ್ಪತ್ರೆಗೆ ಹೋಗಿ, ಹೊರಗೆ ಚಹಾ ಕುಡಿದು ಬಂದರು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೇ ವಯಸ್ಸಿಗೆ ತೀರಿಕೊಂಡಾಗಲೂ ಹೀಗೇ ಆಯಿತು. ಕೆಲವರು ಆಸ್ಪತ್ರೆಗೆ ಓಡಿದರು. ಇನ್ನು ಕೆಲವರು, "ಅಂಥಾ ಅಪ್ಪುನೇ ಹೋದ್ರು, ಇನ್ನು ಬೀಡಿ ಬಿಟ್ಟು ಏನ್ ಮಾಡೂದು" ಎಂದು ಇನ್ನೊಂದು ಬೀಡಿ ಹಚ್ಚಿದರು.

ಹಾಗಾದರೆ ಲೆಕ್ಕ ಹಾಕುವುದು ಹೇಗೆ? ಬೆಂಗಳೂರಿನ ನಮ್ಮ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದ ಡಾ. ಸಲೀಂ ಯೂಸುಫ್ ಅವರ ನೇತೃತ್ವದಲ್ಲಿ 52 ದೇಶಗಳ ಸುಮಾರು 30,000 ಜನರ ಮೇಲೆ ನಡೆದ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಮೊದಲ ಹೃದಯಾಘಾತದ ಅಪಾಯದಲ್ಲಿ ನೂರಕ್ಕೆ 90ರಷ್ಟು ಒಂಬತ್ತು ಕಾರಣಗಳಿಂದಲೇ ಬರುತ್ತದೆಂದು ಅದು ಕಂಡುಕೊಂಡಿತು. ತಂಬಾಕು, ರಕ್ತದ ಕೊಬ್ಬು, ಬಿ.ಪಿ., ಸಕ್ಕರೆ, ಹೊಟ್ಟೆಯ ಬೊಜ್ಜು ಅವುಗಳಲ್ಲಿ ಮುಖ್ಯ. ಟೆನ್ಷನ್ ಕೂಡ ಇದೆ, ಆದರೆ ಒಂಬತ್ತರಲ್ಲಿ ಅದೊಂದು. ಬೀಡಿ ಸೇದುವವರಿಗೂ ತಂಬಾಕು ಜಗಿಯುವವರಿಗೂ ಅಪಾಯ ಎರಡು ಪಟ್ಟಿಗಿಂತ ಹೆಚ್ಚು. ನಮ್ಮ ದಕ್ಷಿಣ ಏಷ್ಯಾದವರಿಗೆ ಮೊದಲ ಆಘಾತ ಸರಾಸರಿ 53ನೇ ವಯಸ್ಸಿಗೆ ಬರುತ್ತದೆ, ಉಳಿದೆಡೆಯವರಿಗಿಂತ ಐದಾರು ವರ್ಷ ಮೊದಲು. ಮಕ್ತಲ್‌ನ ಆ ಯಜಮಾನರ ವಯಸ್ಸು ನೆನಪಿಸಿಕೊಳ್ಳಿ.

ಇನ್ನು ಸೋಡಾದ ವಿಷಯ. ಸೇಂಟ್ ಜಾನ್ಸ್‌ನ ವೈದ್ಯರೇ ಮುಂದೆ ನಿಂತು ಭಾರತದ 89 ಆಸ್ಪತ್ರೆಗಳ 20,468 ರೋಗಿಗಳ ವಿವರ ಸಂಗ್ರಹಿಸಿ 2008ರಲ್ಲಿ ಪ್ರಕಟಿಸಿದರು. ಅವರಲ್ಲಿ ಹೆಚ್ಚಿನವರು ಬಡವರು ಮತ್ತು ಕೆಳ ಮಧ್ಯಮ ವರ್ಗದವರು. ಇದು ಶ್ರೀಮಂತರ ರೋಗವೆಂಬ ಮಾತು ಅಲ್ಲಿಗೇ ಮುಗಿಯಿತು. ನೋವು ಶುರುವಾದ ಮೇಲೆ ಆಸ್ಪತ್ರೆ ತಲುಪಲು ಅರ್ಧದಷ್ಟು ಮಂದಿಗೆ ಆರು ಗಂಟೆಗೂ ಹೆಚ್ಚು ಹಿಡಿದಿತ್ತು. ಹೃದಯದ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚಿದರೆ, ಸ್ನಾಯು ನಿಮಿಷ ನಿಮಿಷಕ್ಕೂ ಸಾಯುತ್ತಾ ಹೋಗುತ್ತದೆ. ಹೆಪ್ಪು ಕರಗಿಸುವ ಚುಚ್ಚುಮದ್ದು ಮೊದಲ ಒಂದೆರಡು ಗಂಟೆಗಳಲ್ಲಿ ಸಿಕ್ಕರೆ ಅದರ ಫಲವೇ ಬೇರೆ. ಪುನೀತ್ ಹೆಸರಿನ ‘ಹೃದಯ ಜ್ಯೋತಿ’ ಯೋಜನೆಯಲ್ಲಿ ಕರ್ನಾಟಕದ ತಾಲ್ಲೂಕು ಆಸ್ಪತ್ರೆಗಳಲ್ಲಿ ಇ.ಸಿ.ಜಿ. ತೆಗೆದು, ಅಗತ್ಯವಿದ್ದರೆ ಇದನ್ನು ಉಚಿತವಾಗಿ ಕೊಡುವ ವ್ಯವಸ್ಥೆ ಬಂದದ್ದು ಇದಕ್ಕಾಗಿಯೇ.

ಎದೆಯಲ್ಲಿ ಕಲ್ಲಿಟ್ಟಂತೆ ಭಾರ, ಎಡಗೈಗೆ, ದವಡೆಗೆ ಅಥವಾ ಬೆನ್ನಿಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರು ಕಟ್ಟುವುದು: ಇವು ಕಂಡರೆ ಗ್ಯಾಸೋ ಅಲ್ಲವೋ ಎಂದು ತೀರ್ಮಾನಿಸುವವರು ವೈದ್ಯರು, ನಾವಲ್ಲ. ಹೆಂಗಸರಿಗೂ ಸಕ್ಕರೆ ಕಾಯಿಲೆಯವರಿಗೂ ಕೆಲವೊಮ್ಮೆ ನೋವೇ ಇರುವುದಿಲ್ಲ. ಬರೀ ಸುಸ್ತು, ವಾಕರಿಕೆ, ಏದುಸಿರು. ಗದ್ವಾಲದ ತಾಯಂದಿರು ಇದನ್ನು ಎರಡು ಸಲ ಓದಿರಿ.

ಇನ್ನೊಂದು ಮಾತು, ತುಸು ಸಂಕೋಚದಿಂದಲೇ ಹೇಳುತ್ತೇವೆ. ಇಂಥ ಹೊತ್ತಿನಲ್ಲಿ ನಮ್ಮ ಮನೆಗಳಿಂದ ಮೊದಲ ಫೋನು ಬರುವುದು ಗುರುಗಳಿಗೆ. ಅಭ್ಯಂಗಕ್ಕೆ ಖಂಡಿತ ಬರುತ್ತೇವೆ, ನಡುರಾತ್ರಿಯಾದರೂ ಸರಿ. ಆದರೆ ಮೊದಲು 108ಕ್ಕೆ ಫೋನು ಮಾಡಿ. ನಾವು ಆಸ್ಪತ್ರೆಗೇ ಬರುತ್ತೇವೆ.

ಆ ಸಾವಿನ ನಂತರ ಒಂದು ಭಾನುವಾರ ಪೂಜೆ ಮುಗಿದ ಮೇಲೆ ನರ್ಸ್ ಸಿಸ್ಟರ್ ಒಬ್ಬರು ದೇವಾಲಯದ ಅಂಗಳದಲ್ಲಿ ಬಿ.ಪಿ. ಯಂತ್ರ ಇಟ್ಟುಕೊಂಡು ಕುಳಿತರು. ಗಂಡಸರೆಲ್ಲ ಬೇವಿನ ಮರದ ಕೆಳಗೇ ನಿಂತರು. ದಾರಿ ತೋರಿಸೋಣವೆಂದು ನಾವೇ ಮೊದಲು ತೋಳು ಚಾಚಿದೆವು. 160 ಮೇಲೆ 100. ಮನೆಮನೆಯ ಸಕ್ಕರೆ ಚಹಾ ಕುಡಿಯುತ್ತಾ, ಸದಾ ಓಡಾಡುವವರಿಗೆ ಏನಾಗುತ್ತದೆ ಎಂದುಕೊಂಡಿದ್ದವರು ನಾವು! ಸಿಸ್ಟರ್ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿಬಿಟ್ಟರು. ಆಮೇಲೆ ಮರದ ಕೆಳಗಿನಿಂದ ಒಬ್ಬೊಬ್ಬರೇ ಬಂದರು. ತೀರಿಕೊಂಡವರ ಮಗ ತನ್ನ ಚಿಕ್ಕಪ್ಪನ ಕೈಹಿಡಿದು ತಂದು ಕೂರಿಸಿ, "ಇವರದ್ದು ಸಕ್ಕರಿನೂ ನೋಡ್ರಿ ಸಿಸ್ಟರ್" ಎಂದ.

ಸಿಸ್ಟರ್ ಮುಂದಿನ ತಿಂಗಳ ಮೊದಲ ಭಾನುವಾರ ಮತ್ತೆ ಬರುತ್ತಾರೆ. ಸಕ್ಕರೆ ಪರೀಕ್ಷೆ ಮಾಡಿಸುವವರು ತಿಂಡಿ ತಿನ್ನದೆ ಬನ್ನಿ.