ಟ್ರ್ಯಾಕ್ಟರಿನ ಲಿಫ್ಟ್ ಯಾಕೆ ಕೈಕೊಡುತ್ತದೆ?

ಈ ಸಲದ ಗೋಡೆ ಪತ್ರಿಕೆಗೆ ನಾನು ಹಳೇ ಟ್ರ್ಯಾಕ್ಟರಿನ ಹೈಡ್ರಾಲಿಕ್ ಲಿಫ್ಟ್ ಬಗ್ಗೆ ಬರೆದಿದ್ದೇನೆ. ಹುಡುಗಿಗೆ ಯಾಕಪ್ಪ ಟ್ರ್ಯಾಕ್ಟರ್ ಸಮಾಚಾರ ಅಂತ ಹಿಂದಿನ ಬೆಂಚಿನವರು ನಗಬಹುದು. ನಗಲಿ. ನಮ್ಮ ದೊಡ್ಡಪ್ಪ ರಿಪೇರಿ ಮಾಡುವಾಗ ಟಾರ್ಚ್ ಹಿಡಿಯುವವಳು ನಾನೇ.

ನಮ್ಮ ಆನೇಕಲ್ ಕಡೆ ಈಗ ಎತ್ತಿನ ಜೋಡಿ ಇರುವ ಮನೆ ಎಷ್ಟಿವೆ ಎಂದು ನೀವೇ ಎಣಿಸಿ ನೋಡಿ. 1970ರ ದಶಕದ ಕೊನೆಗೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಹೊಲಗಳ ಕಡೆ ಕಿಯೋನಿಕ್ಸ್‌ನವರು ಎಲೆಕ್ಟ್ರಾನಿಕ್ ಸಿಟಿ ಶುರು ಮಾಡಿದರು. ಆಮೇಲೆ ಕಂಪನಿಗಳು ಬಂದವು, ಲೇಔಟುಗಳು ಬಂದವು. ಉಳಿದಿರುವುದು ಅಲ್ಲೊಂದು ಇಲ್ಲೊಂದು ತುಂಡು ಹೊಲ. ಅಷ್ಟಕ್ಕೆ ಎತ್ತು ಸಾಕಲು ಆಗುವುದಿಲ್ಲ. ಮಳೆ ಬಿದ್ದ ದಿನ ಎಲ್ಲರೂ ಬಾಡಿಗೆ ಟ್ರ್ಯಾಕ್ಟರಿಗೇ ಓಡುತ್ತಾರೆ. ಅದರ ಲಿಫ್ಟ್ ಕೆಟ್ಟು ನಿಂತರೆ ಒಬ್ಬರ ಹೊಲ ಅಲ್ಲ, ಹತ್ತು ಮನೆಯ ರಾಗಿ ಬಿತ್ತನೆ ನಿಲ್ಲುತ್ತದೆ. ಹದ ನಮಗಾಗಿ ಕಾಯುವುದಿಲ್ಲವಲ್ಲ.

ಲಿಫ್ಟ್ ಅಂದರೆ ಟ್ರ್ಯಾಕ್ಟರಿನ ಹಿಂದೆ ಕಲ್ಟಿವೇಟರ್, ನೇಗಿಲು, ರೋಟವೇಟರ್ ಇವನ್ನು ಎತ್ತಿ ಇಳಿಸುವ ತೋಳುಗಳು. ಒಂದು ಲಿವರನ್ನು ಬೆರಳಲ್ಲಿ ಎಳೆದರೆ ಕ್ವಿಂಟಾಲುಗಟ್ಟಲೆ ಕಬ್ಬಿಣ ಎದ್ದು ನಿಲ್ಲುತ್ತದೆ. ಇದು ಎಣ್ಣೆಯ ಶಕ್ತಿ. ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಅಷ್ಟೇ ಹರಡುತ್ತದೆ ಎಂದು ಫ್ರಾನ್ಸ್ ದೇಶದ ಬ್ಲೇಸ್ ಪ್ಯಾಸ್ಕಲ್ (1623–1662) ಹೇಳಿದ್ದಾನೆ. ಸೂಜಿ ಇಲ್ಲದ ಎರಡು ಸಿರಿಂಜ್ ತಗೊಳ್ಳಿ, ಒಂದು ಚಿಕ್ಕದು, ಒಂದು ದಪ್ಪದ್ದು. ನೀರು ತುಂಬಿ ನಡುವೆ ಸಣ್ಣ ಪೈಪ್ ಸಿಕ್ಕಿಸಿ. ಚಿಕ್ಕದನ್ನು ಒಂದನೇ ಕ್ಲಾಸಿನ ಪಾಪು ಒತ್ತಲಿ, ದಪ್ಪದ್ದನ್ನು ನಮ್ಮ ಕ್ಲಾಸಿನ ಕಬಡ್ಡಿ ಹುಡುಗರು ತಡೆಯಲಿ. ತಡೆಯುವುದು ಸುಲಭವಲ್ಲ! ಆದರೆ ಚಿಕ್ಕದು ತುಂಬಾ ದೂರ ಹೋದರೆ ದಪ್ಪದ್ದು ಸ್ವಲ್ಪವೇ ಸರಿಯುತ್ತದೆ. ಬಲ ಪುಕ್ಕಟೆ ಸಿಗುವುದಿಲ್ಲ.

ಟ್ರ್ಯಾಕ್ಟರಿನಲ್ಲಿ ಸಿರಿಂಜಿನ ಬದಲು ಪಂಪ್ ಇದೆ. ಲೆಕ್ಕಕ್ಕೆ ಹಿಡಿಯೋಣ: ಲಿಫ್ಟ್ ಸಿಲಿಂಡರಿನ ಪಿಸ್ಟನ್ ವ್ಯಾಸ 7.5 ಸೆಂ.ಮೀ. ಆದರೆ ಅದರ ವಿಸ್ತೀರ್ಣ ಸುಮಾರು 44 ಚದರ ಸೆಂ.ಮೀ. ಎಣ್ಣೆ ಪ್ರತಿ ಚದರ ಸೆಂ.ಮೀ.ಗೆ 150 ಕಿಲೋ ಒತ್ತಿದರೆ ಪಿಸ್ಟನ್ ಮೇಲೆ 6,600 ಕಿಲೋ ಬಲ. ಪಿಸ್ಟನ್ ಸ್ವಲ್ಪ ಸರಿದರೆ ತೋಳಿನ ತುದಿ ತುಂಬಾ ಮೇಲೇಳಬೇಕು, ಅದಕ್ಕೆ ತುದಿಗೆ ಸಿಗುವ ಬಲ ಅದಕ್ಕಿಂತ ಬಹಳ ಕಡಿಮೆ. ಆದರೂ ಕಲ್ಟಿವೇಟರಿಗೆ ಧಾರಾಳ ಸಾಕು.

ಈ ಮೂರು ಕೊಂಡಿಯ ಲಿಫ್ಟನ್ನು ರೂಪಿಸಿದವರು ಐರ್ಲೆಂಡಿನ ರೈತನ ಮಗ ಹ್ಯಾರಿ ಫರ್ಗ್ಯೂಸನ್ (1884–1960). ಮೊದಲು ನೇಗಿಲನ್ನು ಬಂಡಿಯ ಹಾಗೆ ಹಿಂದೆ ಕಟ್ಟಿ ಎಳೆಯುತ್ತಿದ್ದರು. ನೇಗಿಲು ಬಂಡೆಗೆ ಸಿಕ್ಕಿಕೊಂಡರೆ ಟ್ರ್ಯಾಕ್ಟರ್ ಮುಂಗಾಲೆತ್ತಿದ ಕುದುರೆಯ ಹಾಗೆ ಎದ್ದು ಓಡಿಸುವವನ ಮೇಲೆಯೇ ಮಗುಚುತ್ತಿತ್ತು. ಎಷ್ಟೋ ಜನ ಹಾಗೆ ಸತ್ತರು. ಕೆಳಗೆ ಎರಡು, ಮೇಲೆ ಒಂದು ಕೊಂಡಿ ಹಾಕಿದಾಗ ಮೇಲಿನದು, ಅಂದರೆ ಟಾಪ್ ಲಿಂಕ್, ಟ್ರ್ಯಾಕ್ಟರನ್ನು ಮುಂದಕ್ಕೆ ಒತ್ತಿ ಹಿಡಿಯುತ್ತದೆ. ನೇಗಿಲು ಗಟ್ಟಿ ನೆಲಕ್ಕೆ ಸಿಕ್ಕರೆ ಆ ಒತ್ತು ಒಂದು ಸ್ಪ್ರಿಂಗಿಗೆ ತಿಳಿದು, ಲಿಫ್ಟ್ ತಾನಾಗಿಯೇ ಸ್ವಲ್ಪ ಎತ್ತುತ್ತದೆ. 1939ರಲ್ಲಿ ಅಮೆರಿಕದ ಹೆನ್ರಿ ಫೋರ್ಡ್ ಜೊತೆ ಸೇರಿ ಇಂಥ ಟ್ರ್ಯಾಕ್ಟರುಗಳನ್ನು ಮಾರುಕಟ್ಟೆಗೆ ತಂದರು. ಮುಂದೆ ಮ್ಯಾಸಿ ಫರ್ಗ್ಯೂಸನ್ ಎಂಬ ಹೆಸರು ಬಂತು, ಮದ್ರಾಸಿನಲ್ಲಿ 1960ರಲ್ಲಿ ಶುರುವಾದ ಟಾಫೆ ಕಂಪನಿ ಅವನ್ನು ನಮ್ಮ ದೇಶದಲ್ಲಿ ಮಾಡಿತು.

ಈಗ ರೋಗಕ್ಕೆ ಬರೋಣ. ಲಿಫ್ಟ್ ಕೆಟ್ಟಿದೆ ಅನ್ನುವವರು ಮೂರು ತರಹದ ದೂರು ಹೇಳುತ್ತಾರೆ: ಎತ್ತುವುದೇ ಇಲ್ಲ, ಎತ್ತಿದರೆ ನಿಲ್ಲುವುದಿಲ್ಲ, ಕೆಳಕ್ಕೆ ಒತ್ತುವುದಿಲ್ಲ. ಮೂರನೆಯದು ರೋಗವೇ ಅಲ್ಲ. ಟ್ರ್ಯಾಕ್ಟರಿನ ಲಿಫ್ಟಿನಲ್ಲಿ ಎಣ್ಣೆ ಮೇಲಕ್ಕೆ ಮಾತ್ರ ತಳ್ಳುತ್ತದೆ, ಇಳಿಯುವುದು ನೇಗಿಲಿನ ಭಾರದಿಂದ. ಲೇಔಟಿನಲ್ಲಿ ಮಣ್ಣು ತೆಗೆಯುವ ಜೆಸಿಬಿಯಲ್ಲಿ ಎಣ್ಣೆ ಎರಡು ಕಡೆಯಿಂದಲೂ ತಳ್ಳುತ್ತದೆ, ಅದಕ್ಕೇ ಅದು ನೆಲಕ್ಕೆ ಹಲ್ಲು ಊರುತ್ತದೆ. ನೇಗಿಲು ನೆಲಕ್ಕೆ ಇಳಿಯದಿದ್ದರೆ ಮೊನೆ ಸವೆದಿದೆಯಾ, ಟಾಪ್ ಲಿಂಕ್ ಉದ್ದ ಸರಿಯಿದೆಯಾ ನೋಡಬೇಕು. ಪಂಪ್ ಬಿಚ್ಚಬಾರದು.

ಎತ್ತುವುದೇ ಇಲ್ಲ ಅಂದರೆ ಮೊದಲು ಬಿಟ್ಟಿ ಕೆಲಸಗಳನ್ನು ಮಾಡಬೇಕು. ಹಳೇ ಮ್ಯಾಸಿ ತರಹದ ಟ್ರ್ಯಾಕ್ಟರುಗಳಲ್ಲಿ ಪಂಪ್ ಹಿಂದಿನ ಡಬ್ಬದ ಎಣ್ಣೆಯೊಳಗೇ ಮುಳುಗಿರುತ್ತದೆ, ಪಿ.ಟಿ.ಓ. ಶಾಫ್ಟಿನಿಂದ ತಿರುಗುತ್ತದೆ. ಪಿ.ಟಿ.ಓ. ಲಿವರ್ ನ್ಯೂಟ್ರಲಿನಲ್ಲಿದ್ದರೆ ಪಂಪೂ ತಿರುಗದು, ಲಿಫ್ಟೂ ಏಳದು. ಯಾರಾದರೂ ಮಕ್ಕಳು ಹತ್ತಿ ಆಡಿ ಲಿವರ್ ಸರಿಸಿರುತ್ತಾರೆ, ದೊಡ್ಡವರು ಮೆಕಾನಿಕ್ ಹುಡುಕಿಕೊಂಡು ಚಂದಾಪುರಕ್ಕೆ ಹೋಗುತ್ತಾರೆ! ಅದು ಸರಿಯಿದ್ದರೆ ಎಣ್ಣೆ ಕಡ್ಡಿ ಎಳೆದು ನೋಡಬೇಕು. ಈ ಟ್ರ್ಯಾಕ್ಟರುಗಳಲ್ಲಿ ಗೇರಿಗೂ ಲಿಫ್ಟಿಗೂ ಒಂದೇ ಎಣ್ಣೆ. ಗೇರಿಗೆ ಸಾಲುವಷ್ಟು ಇದ್ದರೂ ಪಂಪಿಗೆ ಸಾಲದೇ ಇರಬಹುದು, ಮುಖ್ಯವಾಗಿ ಇಳಿಜಾರಿನಲ್ಲಿ.

ಎಣ್ಣೆಯ ಬಣ್ಣವೂ ಮಾತಾಡುತ್ತದೆ. ಹಾಲು ಹಾಕಿದ ಕಾಫಿಯ ಹಾಗಿದ್ದರೆ ನೀರು ಸೇರಿದೆ. ಬಯಲಲ್ಲಿ ನಿಲ್ಲಿಸಿದ ಟ್ರ್ಯಾಕ್ಟರಿನ ಗೇರ್ ಲಿವರಿನ ರಬ್ಬರ್ ಟೋಪಿ ಹರಿದಿದ್ದರೆ ಮಳೆ ನೀರು ಅಲ್ಲಿಂದಲೇ ಇಳಿಯುತ್ತದೆ. ನೊರೆ ನೊರೆ ಬಂದರೆ ಪಂಪ್ ಎಣ್ಣೆಯ ಜೊತೆ ಗಾಳಿಯನ್ನೂ ಹೀರುತ್ತಿದೆ. ಗಾಳಿ ಒತ್ತಿದರೆ ಕುಗ್ಗುತ್ತದೆ, ಎಣ್ಣೆ ಕುಗ್ಗುವುದಿಲ್ಲ ಎನ್ನಬಹುದು. ಅದಕ್ಕೇ ಗಾಳಿ ಸೇರಿದ ಲಿಫ್ಟ್ ಸ್ಪಂಜಿನ ಹಾಗೆ ಎಳೆದಾಡುತ್ತದೆ. ಬೆಳಿಗ್ಗೆ ಚೆನ್ನಾಗಿ ಎತ್ತಿ ಮಧ್ಯಾಹ್ನ ಸುಸ್ತಾಗುವುದಾದರೆ ಪಂಪ್ ಸವೆದಿರಬಹುದು. ಬಿಸಿಗೆ ಎಣ್ಣೆ ತೆಳ್ಳಗಾಗಿ ಸವೆದ ಸಂದಿಯಲ್ಲಿ ನುಸುಳಿಬಿಡುತ್ತದೆ. ಇನ್ನು ಪಂಪಿನ ಬಾಯಿಯ ಜರಡಿ. ವರ್ಷಗಟ್ಟಲೆ ಎಣ್ಣೆ ಬದಲಿಸದಿದ್ದರೆ ಅದು ಕೆಸರು ಕಟ್ಟುತ್ತದೆ.

ನಮ್ಮ ದೊಡ್ಡಪ್ಪನ ಟ್ರ್ಯಾಕ್ಟರಿಗೆ ಬಂದಿದ್ದು ಎರಡನೆಯ ರೋಗ, ಎತ್ತಿದರೆ ನಿಲ್ಲದಿರುವುದು. (ಯಾವ ಕಂಪನಿಯದು ಅಂತ ಬರೆಯುವುದಿಲ್ಲ. ನನಗಿಂತ ಎಷ್ಟೋ ವರ್ಷ ದೊಡ್ಡದು, ಅಷ್ಟು ದುಡಿದರೆ ಯಾವುದಾದರೂ ಕೆಡುತ್ತದೆ.) ಇಂಜಿನ್ ಓಡುತ್ತಿದ್ದಾಗ ಕಲ್ಟಿವೇಟರ್ ಕೋಲೆ ಬಸವನ ಹಾಗೆ ತಲೆ ಆಡಿಸುತ್ತಿತ್ತು. ಆಫ್ ಮಾಡಿದರೆ ಮೆಲ್ಲಗೆ ಕೂತುಬಿಡುತ್ತಿತ್ತು. ನೋಡಿದ ಮೆಕಾನಿಕ್ ಒಬ್ಬರು "ಅಣ್ಣ, ಪಂಪೇ ಹೋಗೈತೆ, ಹೊಸದು ಹಾಕ್ಬೇಕು" ಅಂದರು. ಹೊಸ ಪಂಪ್ ಅಂದರೆ ಆ ವರ್ಷದ ಬಿತ್ತನೆ ದುಡ್ಡೆಲ್ಲ ಅದಕ್ಕೇ. ದೊಡ್ಡಮ್ಮ ಓಲೆ ಅಡ ಇಡುವ ಮಾತಾಡಿದರು. ದೊಡ್ಡಪ್ಪ ಮಾತ್ರ ಜಗಲಿ ಮೇಲೆ ಕೂತು ಯೋಚನೆ ಮಾಡಿ ಒಂದು ಮಾತು ಹೇಳಿದರು: "ಪಂಪ್ ಹೋಗಿದ್ರೆ ಇಷ್ಟು ಜೋರಾಗಿ ಹೆಂಗೆ ಎತ್ತುತ್ತೆ ಅಮ್ಮಣ್ಣಿ?"

ಇದನ್ನು ಬಾವಿ ಕೊಡದ ಲೆಕ್ಕದಲ್ಲಿ ಯೋಚಿಸಿ. ಕೊಡ ಬೇಗ ತುಂಬುತ್ತದೆ, ಆದರೆ ನೀರು ನಿಲ್ಲುವುದಿಲ್ಲ ಅಂದರೆ ತೂತು ಕೊಡದಲ್ಲಿ, ಬಾವಿಯಲ್ಲಲ್ಲ. ತಲೆ ಆಡಿಸುವುದಕ್ಕೂ ಇದೇ ಕಾರಣ. ಎಣ್ಣೆ ಸೋರಿ ತೋಳು ಚೂರು ಇಳಿಯುತ್ತದೆ, ಇಳಿದದ್ದು ಕೊಂಡಿಯ ಮೂಲಕ ವಾಲ್ವಿಗೆ ತಿಳಿಯುತ್ತದೆ, ವಾಲ್ವ್ ತೆರೆದು ಪಂಪ್ ಮತ್ತೆ ತುಂಬುತ್ತದೆ, ತೋಳು ಏಳುತ್ತದೆ. ಮತ್ತೆ ಸೋರಿಕೆ, ಮತ್ತೆ ತುಂಬುವುದು.

ಸೋರುವ ಜಾಗ ಯಾವುದು? ಪಿಸ್ಟನ್ನಿನ ರಿಂಗ್ ಇರಬಹುದು, ಪಂಪಿನಿಂದ ಸಿಲಿಂಡರಿಗೆ ಹೋಗುವ ನಿಲುವು ಕೊಳವೆಯ ರಬ್ಬರ್ ಬಳೆ ಇರಬಹುದು, ಪಂಪಿನದೇ ಒಳ ವಾಲ್ವೂ ಇರಬಹುದು. ಕಣ್ಣಾರೆ ನೋಡದೆ ಹೇಳಬಾರದು. ದೊಡ್ಡಪ್ಪ ಎಣ್ಣೆಯನ್ನು ಪಕ್ಕದ ಮುಚ್ಚಳಕ್ಕಿಂತ ಕೆಳಗಿನ ಮಟ್ಟಕ್ಕೆ ಇಳಿಸಿ, ಕಲ್ಟಿವೇಟರ್ ಎತ್ತಿ, ಅದರ ಅಡಿಗೆ ದಪ್ಪ ಮರದ ದಿಮ್ಮಿಗಳನ್ನು ಇಟ್ಟರು. ದಿಮ್ಮಿಗೂ ಕಲ್ಟಿವೇಟರಿಗೂ ನಡುವೆ ನಾಲ್ಕು ಬೆರಳು ಸಂದಿ. ಪೂರ್ತಿ ಕೂರಿಸಿಬಿಟ್ಟರೆ ಎಣ್ಣೆ ಮೇಲೆ ಭಾರವೇ ಇರುವುದಿಲ್ಲ, ಸೋರಿಕೆ ಕಾಣುವುದಿಲ್ಲ. ಇಂಜಿನ್ ಆಫ್ ಮಾಡಿ ಪಕ್ಕದ ಮುಚ್ಚಳ ಬಿಚ್ಚಿದರು. ನಾನು ದೊಡ್ಡ ಚಕ್ರದ ಮುಂದೆ ಪಕ್ಕದಲ್ಲಿ ನಿಂತು ಟಾರ್ಚ್ ಬಿಟ್ಟೆ. ಸಿಲಿಂಡರಿನ ಬಾಯಲ್ಲಿ ಹನಿ ಇರಲಿಲ್ಲ. ಪಂಪ್ ಕಡೆಯೂ ಇಲ್ಲ. ನಿಲುವು ಕೊಳವೆಯ ಮೇಲ್ತುದಿಯಿಂದ ಎಣ್ಣೆ ದಾರದ ಹಾಗೆ ಇಳಿಯುತ್ತಿತ್ತು.

ಕಲ್ಟಿವೇಟರನ್ನು ಪೂರ್ತಿ ನೆಲಕ್ಕೆ ಇಳಿಸಿ, ಮೇಲಿನ ಮುಚ್ಚಳದ ಬೋಲ್ಟ್ ಬಿಚ್ಚಿ, ಕೊಳವೆ ಹೊರಗೆ ಎಳೆದರು. ಓ ರಿಂಗ್ ಒಣಗಿದ ಹುಣಸೆ ಸಿಪ್ಪೆಯ ಹಾಗೆ ಗಟ್ಟಿಯಾಗಿ ಒಂದು ಕಡೆ ಮುರಿದಿತ್ತು. ಹಳೆಯದನ್ನೇ ಕಾಗದದಲ್ಲಿ ಸುತ್ತಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಅದೇ ಅಳತೆಯ ಬಳೆಗಳನ್ನು ತಂದರು. ಬಸ್ ಚಾರ್ಜೇ ಜಾಸ್ತಿ ಆಯಿತು ಅಂತ ನಕ್ಕರು. ಓಲೆ ದೊಡ್ಡಮ್ಮನ ಕಿವಿಯಲ್ಲೇ ಉಳಿಯಿತು. ಪಿಸ್ಟನ್ನಿನ ರಿಂಗ್ ಆಗಿದ್ದರೆ ಇಷ್ಟು ಸುಲಭ ಇರಲಿಲ್ಲ. ಸೀಟು ತೆಗೆದು, ಭಾರದ ಮೇಲ್ಮುಚ್ಚಳವನ್ನೇ ಚೈನ್ ಪುಲ್ಲಿ ಹಾಕಿ ಎತ್ತಬೇಕು. ಸಿಲಿಂಡರ್ ಗೀಚಿದ್ದರೆ ಪೀಣ್ಯದಂಥ ಕಡೆ ಮೆಷಿನ್ ಕೆಲಸಕ್ಕೆ ಕೊಡಬೇಕಾಗುತ್ತದೆ.

ಕೆಲವರು ಸೈಕಲ್ ಟ್ಯೂಬ್ ಕತ್ತರಿಸಿ ಓ ರಿಂಗ್ ಬದಲು ಹಾಕುತ್ತಾರೆ, ಅದು ಬಾಳುವುದಿಲ್ಲ. ಮರದ ಹಾಲಿನಿಂದ ಮಾಡಿದ ರಬ್ಬರ್ ಯಂತ್ರದ ಎಣ್ಣೆಯಲ್ಲಿ ಊದಿಕೊಂಡು ಮೆತ್ತಗಾಗುತ್ತದೆ. ನಂಬದಿದ್ದರೆ ಒಂದು ರಬ್ಬರ್ ಬ್ಯಾಂಡನ್ನು ಸೀಮೆಎಣ್ಣೆ ಅಥವಾ ಡೀಸೆಲಿನಲ್ಲಿ ಒಂದು ರಾತ್ರಿ ನೆನೆಸಿ, ಬೆಳಿಗ್ಗೆ ಅಳೆಯಿರಿ. ದೊಡ್ಡವರು ಜೊತೆಗಿರಲಿ, ಒಲೆ ಹತ್ತಿರ ಬೇಡ. ಓ ರಿಂಗುಗಳನ್ನು ನೈಟ್ರೈಲ್ ಎಂಬ ಬೇರೆ ರಬ್ಬರಿನಿಂದ ಮಾಡಿರುತ್ತಾರೆ. ಕೂರಿಸುವಾಗ ಎಣ್ಣೆ ಸವರಿ, ತಿರುಚದೆ ಕೂರಿಸಬೇಕು.

ಇನ್ನೊಂದು ವಿಷಯ. ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್ ಕಡೆ ಅಪಾರ್ಟ್‌ಮೆಂಟುಗಳಿಗೆ ನೀರಿನ ಟ್ಯಾಂಕರ್ ಎಳೆಯುವ ಟ್ರ್ಯಾಕ್ಟರುಗಳನ್ನು ನೋಡಿದ್ದೀರಿ. ಆ ಕೆಲಸಕ್ಕೆ ಲಿಫ್ಟ್ ಬೇಡ, ಕೆಟ್ಟಿದ್ದರೂ ಯಾರಿಗೂ ಗೊತ್ತಾಗುವುದಿಲ್ಲ. ನಿಮ್ಮ ಮನೆಯವರು ಅಂಥದ್ದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುವುದಾದರೆ ಭಾರ ಕಟ್ಟಿ, ಎತ್ತಿ, ಇಂಜಿನ್ ಆಫ್ ಮಾಡಿಸಿ, ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ಟೀ ಕುಡಿದು ಬರಲಿ. ಎಷ್ಟು ಇಳಿದಿದೆ ಅಂತ ಗುರುತೇ ಹೇಳುತ್ತದೆ.

ಆದರೆ ಎತ್ತಿದ ಕಲ್ಟಿವೇಟರಿನ ಕೆಳಗೆ ಚೆಂಡು ಹೋಯಿತು, ಕೋಳಿ ಹೋಯಿತು ಅಂತ ಯಾರೂ ನುಗ್ಗಬೇಡಿ. ಅದನ್ನು ಹಿಡಿದಿರುವುದು ಬಳೆಯಷ್ಟು ರಬ್ಬರ್, ಮತ್ತು ಇಂಜಿನ್ ನಿಂತಿದ್ದರೂ ಯಾರಾದರೂ ಲಿವರ್ ಮುಟ್ಟಿದರೆ ಅದು ಬಿದ್ದೇ ಬೀಳುತ್ತದೆ. ಟ್ರ್ಯಾಕ್ಟರ್ ನಿಲ್ಲಿಸಿದ ಮೇಲೆ ಉಪಕರಣ ನೆಲದ ಮೇಲೇ ಇರಬೇಕು. ಒತ್ತಡದ ಪೈಪಿನಲ್ಲಿ ಸೂಜಿಮೊನೆ ತೂತಿದ್ದರೆ ಬೆರಳಿಟ್ಟು ಹುಡುಕಬಾರದು, ಆ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೋದರೆ ಗಾಯ ಚಿಕ್ಕದಾಗಿ ಕಂಡರೂ ತಕ್ಷಣ ಆಸ್ಪತ್ರೆಗೆ ಓಡಬೇಕು. ರಟ್ಟಿನ ತುಂಡು ಹಿಡಿದು ನೋಡಿದರೆ ಒದ್ದೆಯಾದ ಕಡೆ ಸೋರಿಕೆ.

ಸಿರಿಂಜಿನ ಲಿಫ್ಟ್ ಒಂದನ್ನು ಮಾಡಿ ವಿಜ್ಞಾನದ ಬೀರುವಿನ ಮೇಲೆ ಇಟ್ಟಿದ್ದೇನೆ. ಮುಟ್ಟಿ ನೋಡಬಹುದು. ಪೈಪ್ ಕಿತ್ತವರು ನೀರು ತುಂಬಿ ಗಾಳಿ ಗುಳ್ಳೆ ತೆಗೆದು ಮತ್ತೆ ಸಿಕ್ಕಿಸಿ ಇಡಬೇಕು.

— 7ನೇ ತರಗತಿ ವಿದ್ಯಾರ್ಥಿನಿ