ಮೆರವಣಿಗೆ ಮುಗಿದ ಮೇಲೂ ಕರಡಿ ಮಜಲು

ಹಾಡುಗಾರನಿಲ್ಲ, ಸಾಹಿತ್ಯವಿಲ್ಲ. ಆದರೂ ಬೈಲಹೊಂಗಲ, ಸವದತ್ತಿ, ರಾಮದುರ್ಗದ ಕಡೆ ಪಲ್ಲಕ್ಕಿ ಹೊರಟಿತೆಂದರೆ ಹಿಂದೆ ನಡೆಯುವ ಮಂದಿ ಗುನುಗುತ್ತಿರುತ್ತಾರೆ. ಮುಂದೆ ಕರಡಿ ಮಜಲು ಎಂಬ ವಾದ್ಯಮೇಳ ಸಾಗಿರುತ್ತದೆ. ಸನಾದಿಯವನು ಗುಡಿಯ ಮುಂದೆ ವಚನ ನುಡಿಸುತ್ತಾನೆ, ಓಣಿಯ ತಿರುವಿನಲ್ಲಿ ದಾಸರ ಪದಕ್ಕೆ ಹೊರಳುತ್ತಾನೆ. ಅಗಸಿ ದಾಟುವಷ್ಟರಲ್ಲಿ ಕಂಪನಿ ನಾಟಕದ ರಂಗಗೀತೆ, ಹುಡುಗರು ಬೆನ್ನು ಹತ್ತಿದರೆ ಸಿನಿಮಾ ಹಾಡು. ಗಿಟಾರಿನ ಪಕ್ಕ ಡೊಳ್ಳು ಇಟ್ಟು ಫ್ಯೂಷನ್ ಎಂದು ಟಿಕೆಟ್ ಮಾರುವ ಕಾಲವಿದು. ಇವರು ಅದಕ್ಕೊಂದು ಹೆಸರನ್ನೂ ಇಡದೆ ಬೆರಕೆ ಮಾಡುತ್ತಲೇ ಬಂದಿದ್ದಾರೆ.

ಮೇಳ ಚಿಕ್ಕದು: ಕರಡಿ, ಸನಾದಿ, ಶ್ರುತಿ, ತಾಳ. ಕರಡಿ ಕೊರಳಿಗೆ ತೂಗುಹಾಕಿಕೊಳ್ಳುವ ಎರಡು ಮುಖದ ಚರ್ಮವಾದ್ಯ. ಒಂದು ಮುಖಕ್ಕೆ ಕೋಲಿನ ಬಡಿತ, ಇನ್ನೊಂದಕ್ಕೆ ಕೋಲಿನ ಉಜ್ಜು. ಬಡಿತ ಲೆಕ್ಕ ಹಿಡಿದುಕೊಂಡು ಹೋಗುತ್ತದೆ. ಉಜ್ಜಿದಾಗ ಏಳುವ ಗುರುಗುಟ್ಟುವ ದನಿ ಎದೆಗೇ ಬಂದು ತಾಕುತ್ತದೆ. ಚಳಿಗೆ, ಮಳೆಗೆ ಚರ್ಮ ಸಡಿಲಾದರೆ ಬೆಂಕಿಗೆ ಹಿಡಿದು ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ ಮತ್ತೆ ಹೆಗಲಿಗೇರಿಸುತ್ತಾರೆ. ಮೇಳದ ಸದ್ದು 2 ಕಿಲೋಮೀಟರ್ ದೂರದವರೆಗೂ ಕೇಳುತ್ತದೆ ಎನ್ನುತ್ತಾರೆ. ಬಯಲುಸೀಮೆಯ ಸಂಜೆಗಾಳಿ ಗೊತ್ತಿದ್ದವರಿಗೆ ಇದು ಉತ್ಪ್ರೇಕ್ಷೆ ಅನ್ನಿಸುವುದಿಲ್ಲ.

ಸನಾದಿಯವನ ಕೆನ್ನೆ ನೋಡಬೇಕು. ಪೀಪಿಯನ್ನು ಬಾಯಲ್ಲಿ ನೆನೆಸಿಕೊಂಡು ಊದಲು ಶುರುಮಾಡಿದನೆಂದರೆ ನಾದ ಕಡಿಯುವುದೇ ಇಲ್ಲ. ಕೆನ್ನೆಯಲ್ಲಿ ತುಂಬಿಟ್ಟ ಗಾಳಿಯನ್ನು ಹೊರದೂಡುತ್ತಲೇ ಮೂಗಿನಿಂದ ಉಸಿರು ಎಳೆದುಕೊಳ್ಳುತ್ತಾನೆ. 1977ರಲ್ಲಿ ಬಂದ ‘ಸನಾದಿ ಅಪ್ಪಣ್ಣ’ ಸಿನಿಮಾದಲ್ಲಿ ರಾಜಕುಮಾರ್ ಕೈಯಲ್ಲಿದ್ದದ್ದು ಈ ವಾದ್ಯವೇ. ತೆರೆಯ ಹಿಂದೆ ನುಡಿಸಿದವರು ಬಿಸ್ಮಿಲ್ಲಾ ಖಾನ್. ಇನ್ನು ಶ್ರುತಿಯವನು. ಸಂಜೆಯಿಂದ ರಾತ್ರಿಯವರೆಗೆ ಒಂದೇ ಸ್ವರ ಹಿಡಿದು ನಿಂತಿರುತ್ತಾನೆ. ಮೆಚ್ಚಿದವರ ಆಯೇರಿ ಮಾತ್ರ ಸನಾದಿಯವನ ಜೇಬಿಗೆ!

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಹೋದವರಿಗೆ ಚೌಡಿಕೆ ಗೊತ್ತು. ಒಂದೇ ತಂತಿಯ ಆ ವಾದ್ಯ ಅಮ್ಮನ ಕಥೆ ಹಾಡುವವರ ದನಿಗೆ ಜೊತೆಯಾಗುತ್ತದೆ. ಕರಡಿ ಮಜಲಿಗೆ ಆ ಆಸರೆಯಿಲ್ಲ, ಮಾತಿಲ್ಲದೆಯೇ ಜನರನ್ನು ಹಿಡಿದಿಡಬೇಕು. ಮದುವೆ, ತೇರು, ಕಾರಹುಣ್ಣಿಮೆಯ ಎತ್ತುಗಳ ಮೆರವಣಿಗೆ ಎಲ್ಲದರಲ್ಲೂ ಹೀಗೆಯೇ ಹಿಡಿದಿಟ್ಟಿತ್ತು. ಈಗ ಡಿಜೆ ಗಾಡಿ ಮುಂದೆ ಬಂದು ನಿಂತರೆ ಸನಾದಿಯೊಂದೇ ಅಲ್ಲ, ಪಕ್ಕದವನ ಮಾತೂ ಕೇಳಿಸದು.

ನನ್ನ ತಕರಾರು ಡಿಜೆಯ ಮೇಲಷ್ಟೇ ಅಲ್ಲ. ನಾವೂ ಕರಡಿ ಮಜಲನ್ನು ಮೆರವಣಿಗೆಯ ಅಲಂಕಾರ ಮಾಡಿಬಿಟ್ಟಿದ್ದೇವೆ. 1824ರ ಅಕ್ಟೋಬರ್ 23ರಂದು ರಾಣಿ ಚನ್ನಮ್ಮನ ಪಡೆ ಬ್ರಿಟಿಷರನ್ನು ಸೋಲಿಸಿದ ನೆನಪಿಗೆ ಕಿತ್ತೂರು ಉತ್ಸವ ನಡೆಯುತ್ತದೆ. ಮೆರವಣಿಗೆಯಲ್ಲಿ ಡೊಳ್ಳು, ವೀರಗಾಸೆಗಳ ನಡುವೆ ಈ ಮೇಳವೂ ಹಾದುಹೋಗುತ್ತದೆ. ನಿಂತವರಿಗೆ ಸಿಗುವುದು ಒಂದೆರಡು ನಿಮಿಷ. ಅಷ್ಟರಲ್ಲಿ ಒಂದು ರಾಗದ ಮುಖವೂ ಪೂರ್ತಿ ಕಾಣದು.

ಮುಂದಿನ ಅಕ್ಟೋಬರಿನಲ್ಲಿ ಕಿತ್ತೂರಿನ ಮುಖ್ಯ ವೇದಿಕೆಯ ಮೇಲೆ ಜಮಖಾನೆ ಹಾಸಿ, ಬೈಲಹೊಂಗಲ, ಸವದತ್ತಿ, ರಾಮದುರ್ಗ ಈ ಮೂರೂ ತಾಲ್ಲೂಕುಗಳ ಮೇಳಗಳನ್ನು ಕೂರಿಸಿ, ಒಂದು ತಾಸು ನುಡಿಸಲು ಬಿಡಲಿ. ರಾತ್ರಿ ಹನ್ನೊಂದರ ಮೇಲಲ್ಲ, ಜನ ತುಂಬಿರುವ ಏಳು ಗಂಟೆಗೆ.